ಹಸಿರು ಕಲ್ಲು ಮತ್ತು ಕೂಗುವ ಜೀರುಂಡೆ

ಬಹಳ ಹಿಂದೆ, ಏಳು ಬೆಟ್ಟಗಳ ಆಚೆ, ಮಣಿಪರ್ಣಿ ಎಂಬ ರಾಜ್ಯವನ್ನು ವಿಜಯಕೇತು ಎಂಬ ರಾಜ ಆಳುತ್ತಿದ್ದ. ಅವನ ರಾಣಿ ಚಂಪಾವತಿ. ಅವರಿಗೆ ಒಬ್ಬನೇ ಮಗ, ಆರು ವರ್ಷದ ಉದಯ.

ಒಂದು ದಿನ ಧೂಮ್ರಜಟನೆಂಬ ಮಾಂತ್ರಿಕ ಆಸ್ಥಾನಕ್ಕೆ ಬಂದ. ಉದ್ದನೆಯ ಇಕ್ಕಳದಲ್ಲಿ ಹಿಡಿದು ತಂದ ಕಲ್ಲೊಂದನ್ನು ಕಾಣಿಕೆಯಾಗಿ ಇಟ್ಟ. ಅದರ ಬಣ್ಣ ಹಳದಿಯೂ ಅಲ್ಲ, ಹಸಿರೂ ಅಲ್ಲ. ಕಾಗೆಬಂಗಾರದಂತೆ ಪದರು ಪದರಾಗಿ ಏಳುತ್ತಿತ್ತು. ಅವನು ನೇರಳೆ ಬೆಳಕಿನ ದೀಪ ಹಿಡಿದಾಗ ಗಿಳಿಯ ರೆಕ್ಕೆಯಂತೆ ಹೊಳೆಯಿತು.

"ಇದು ಏಳನೆಯ ಬೆಟ್ಟದ ಗವಿಯಲ್ಲಿ ಹುಟ್ಟಿದ ಆಯುಸ್ಸಿನ ಕಲ್ಲು. ಎಷ್ಟು ಹತ್ತಿರ ಇಟ್ಟುಕೊಂಡರೆ ಅಷ್ಟು ಆಯುಸ್ಸು," ಎಂದು ಹೇಳಿ ಹೋದ. ರಾಜಕುಮಾರ ಇಲ್ಲದೆ ಹೋದರೆ ಸಿಂಹಾಸನ ತನ್ನದೆಂಬ ಅವನ ಲೆಕ್ಕಾಚಾರ ಯಾರಿಗೂ ತಿಳಿಯಲಿಲ್ಲ.

ಪೂಜ್ಯವಾದದ್ದನ್ನೆಲ್ಲ ಹಾಲಿನಲ್ಲಿ ತೊಳೆದು, ಆ ಹಾಲನ್ನು ತೀರ್ಥವಾಗಿ ಕೊಡುವುದು ಆ ಅರಮನೆಯ ಪದ್ಧತಿ. ರಾಣಿ ಕಲ್ಲನ್ನು ಮಗನ ದಿಂಬಿನ ಕೆಳಗಿಟ್ಟಳು. ಪ್ರತಿ ಬೆಳಗ್ಗೆ ಅದನ್ನು ತೊಳೆದ ಹಾಲನ್ನು ಅವನಿಗೆ ಒಂದು ಉದ್ಧರಣೆ ಕುಡಿಸಿದಳು.

ಮಗು ಬಾಡತೊಡಗಿತು. ದಿಂಬಿನ ಮೇಲೆ ಕೂದಲು ಉದುರಿತು, ಒಸಡಿನಲ್ಲಿ ರಕ್ತ ಬಂತು. ವೈದ್ಯರು ನಾಡಿ ಹಿಡಿದು ನೋಡಿದರು. ಜ್ವರವಲ್ಲ, ವಿಷವಲ್ಲ, ದೃಷ್ಟಿಯೂ ಅಲ್ಲ. ಹಾಗಾದರೆ ಏನು? ರಾಣಿಗೆ ಒಂದೇ ಉಪಾಯ ಹೊಳೆಯಿತು. ಕಲ್ಲನ್ನು ಇನ್ನೂ ಹತ್ತಿರ ತಂದು, ಮಗನ ಎದೆಗೇ ಕಟ್ಟಿದಳು. ಅವನು ಇನ್ನಷ್ಟು ಬಾಡಿದ.

ಅವನಿಗೆ ಹಾಲೂಡಿಸಿದ ದಾದಿಗೆ ಸುಗ್ಗಲೆ ಎಂಬ ಮಗಳಿದ್ದಳು. ಬೆಸ್ತರ ಬಲೆಗಳಿಗೆ ಸೀಸದ ಗುಂಡು ಎರೆಯುವುದು ಅವಳ ಕೆಲಸ. ಉದಯ ಅವಳನ್ನು ಅಕ್ಕ ಎಂದೇ ಕರೆಯುತ್ತಿದ್ದ. ಕಲ್ಲು ಹುಟ್ಟಿದ ಕಡೆಯೇ ಇದರ ಉತ್ತರ ಇದ್ದೀತೆಂದು, ಗುಂಡುಗಳ ಚೀಲ ಸೊಂಟಕ್ಕೆ ಕಟ್ಟಿಕೊಂಡು ಅವಳು ಏಳನೆಯ ಬೆಟ್ಟ ಹತ್ತಿದಳು.

ಅಲ್ಲಿ ಹಸಿರು ಗವಿಯ ಬಾಗಿಲಲ್ಲಿ ಒಂದು ಮುದಿ ಚಿಪ್ಪುಹಂದಿ ಮಲಗಿತ್ತು. ಅದಕ್ಕೆ ಮಾತು ಬರುತ್ತಿತ್ತು.

"ಉತ್ತರ ಬೇಕೆಂದರೆ ಮೂರು ಪರೀಕ್ಷೆ. ಮೂಗಿಗೆ ಒದ್ದೆ ಬಟ್ಟೆ ಕಟ್ಟಿಕೊ, ಈ ಕಲ್ಲಿನ ಪುಡಿ ಒಳಗೆ ಹೋಗಬಾರದು," ಎಂದು ಅದು ಅವಳ ಕೈಗೆ ಎಲೆಯ ಮೇಲೆ ಕೂತ ಒಂದು ಜೀರುಂಡೆ ಕೊಟ್ಟಿತು. "ಇದು ನೂರು ಸಲ ಕೂಗುವುದರೊಳಗೆ ಗವಿಯಲ್ಲಿ ಬಿದ್ದಿರುವ ನನ್ನ ಚಿಪ್ಪನ್ನು ತಾ."

ಸುಗ್ಗಲೆ ಒಳಗೆ ಹೋದಳು. ಗೋಡೆಯ ಸೊಬಗಿಗೆ ಮರುಳಾಗಿ ನಿಂತುಬಿಟ್ಟಳು. ಹಿಂದೆಯೇ ಬಂದ ಚಿಪ್ಪುಹಂದಿಯ ಬಾಲದ ಏಟು ಬೆನ್ನಿಗೆ ಬಿತ್ತು.

"ಮದುವೆ ಚಪ್ಪರ ನೋಡಲು ಬಂದೆಯೇನು? ಹೋಗು, ಎತ್ತಿಕೊ, ಬಾ!"

ಎರಡನೆಯ ಸಲ ಅವಳು ಓಡಿಹೋಗಿ, ಚಿಪ್ಪನ್ನು ಎತ್ತಿಕೊಂಡು ಓಡಿಬಂದಳು.

"ಈಗ ಜೀರುಂಡೆಯನ್ನು ಮುಟ್ಟದೆ, ಹೆದರಿಸದೆ ಅದರ ಕೂಗು ಇಳಿಸು."

ಜೀರುಂಡೆ ಕೂತ ಎಲೆಯನ್ನು ಹಿಡಿದು ಸುಗ್ಗಲೆ ಗವಿಯ ಹಸಿರು ಕಲ್ಲಿನಿಂದ ಹಿಂದೆ ಸರಿದಳು. ದೂರ ಎರಡರಷ್ಟಾದಾಗ ಕೂಗು ಕಾಲು ಭಾಗಕ್ಕೆ ಇಳಿಯಿತು.

"ಈಗ ಕಲ್ಲಿನ ಪಕ್ಕದಲ್ಲೇ ಅದರ ಬಾಯಿ ಮುಚ್ಚಿಸು."

ಅವಳು ನಡುವೆ ಸೆರಗು ಹಿಡಿದಳು, ಕೂಗಿತು. ಹಲಗೆ ಹಿಡಿದಳು, ಕೂಗಿತು. ಸೋತು ಸೊಂಟದ ಸೀಸದ ಚೀಲವನ್ನು ನಡುವೆ ಕುಕ್ಕಿದಳು. ಜೀರುಂಡೆ ತಣ್ಣಗಾಯಿತು. ಅವಳಿಗೆ ತಲೆಬುಡ ತಿಳಿಯಲಿಲ್ಲ.

"ಅಜ್ಜ, ಇದನ್ನು ಕೂಗಿಸುವವರು ಯಾರು?"

"ಕಲ್ಲಿನಿಂದ ಹಾರುವ, ಕಣ್ಣಿಗೆ ಕಾಣದ ಬಾಣಗಳು."

"ಕಲ್ಲಿಗೆ ನಮ್ಮ ಉದಯನ ಮೇಲೆ ಯಾಕೆ ಕೋಪ?"

"ಕೋಪವೆಲ್ಲಿ ಬಂತು? ಅದಕ್ಕೆ ಉದಯ ಯಾರೆಂದೇ ಗೊತ್ತಿಲ್ಲ. ಹತ್ತಿರ ಕೂತವರಿಗೆಲ್ಲ ತಾಗುತ್ತದೆ."

ಕೋಪವಿಲ್ಲದೆ ಕೊಲ್ಲುವುದು ಹೇಗೆಂದು ಯೋಚಿಸುತ್ತ, ಮತ್ತಷ್ಟು ಗೊಂದಲದಲ್ಲೇ ಅವಳು ಜೀರುಂಡೆಯೊಡನೆ ಅರಮನೆಗೆ ಓಡಿದಳು.

ಮಗುವಿನ ಎದೆಯ ಬಳಿ ಜೀರುಂಡೆ ಕಿವಿ ಒಡೆಯುವಂತೆ ಕೂಗಿತು.

"ಮಹಾರಾಣಿ, ಕಲ್ಲನ್ನು ಬಿಚ್ಚಿ!"

"ಮಗನ ಆಯುಸ್ಸನ್ನೇ ಕಿತ್ತುಕೊಳ್ಳಲು ಬಂದೆಯಾ?" ಎಂದು ರಾಣಿ ಚೀರಿದಳು.

ಅಷ್ಟರಲ್ಲಿ, ಮಗು ಇನ್ನೂ ಉಳಿದಿದೆಯೇ ಎಂದು ನೋಡಲು ಧೂಮ್ರಜಟ ಬಂದ. "ಎರಕದವಳ ಮಾತು ಕೇಳುತ್ತೀರಾ, ತಾಯಿ?" ಎಂದು ನಕ್ಕ.

ಯಾರನ್ನು ನಂಬಬೇಕೆಂದು ರಾಣಿಗೆ ತೋಚಲಿಲ್ಲ. ಕಲ್ಲನ್ನು ಬಿಚ್ಚಿ ಅವನತ್ತ ಚಾಚಿದಳು. "ಒಂದೇ ಗಳಿಗೆ ನೀವು ಎದೆಗೆ ಕಟ್ಟಿಕೊಳ್ಳಿ, ಸ್ವಾಮಿ. ನನಗೆ ಧೈರ್ಯ ಬರಲಿ."

ಅವನು ಒಂದು ಹೆಜ್ಜೆ ಹಿಂದೆ ಸರಿದ. ಅವಳು ಮುಂದೆ ಬಂದಳು. ಅವನು ಗೋಡೆಗೆ ಒರಗಿ ಬೆವರಿದ.

"ಬೇಡ, ಬೇಡ! ದೂರ ಹಿಡಿ!"

ರಾಣಿಗೆ ಎಲ್ಲವೂ ಅರ್ಥವಾಯಿತು. ಮಾಂತ್ರಿಕ ತನ್ನ ಮಂತ್ರದ ಕೋಲೆತ್ತಿ ಇವರನ್ನೆಲ್ಲ ಸುಡು ಎಂದು ಕಲ್ಲಿಗೆ ಮಂತ್ರ ಹೇಳಿದ. ಕಲ್ಲಿಗೆ ಕಿವಿ ಇರಲಿಲ್ಲ. ಭಟರು ಅವನ ಕೋಲನ್ನು ಮುರಿದು ಗಡಿಯಾಚೆ ಅಟ್ಟಿದರು. ಕೋಲು ಮುರಿದೊಡನೆ ಅವನ ಮಾಯೆ ಅಳಿಯಿತು.

ಸುಗ್ಗಲೆ ಎಲ್ಲರನ್ನೂ ದೂರ ನಿಲ್ಲಿಸಿ, ಕಲ್ಲನ್ನು ಇಕ್ಕಳದಲ್ಲಿ ಎತ್ತಿ, ದಪ್ಪ ಸೀಸದ ಪೆಟ್ಟಿಗೆಯಲ್ಲಿ ಇರಿಸಿದಳು. ಕಿಟಕಿಗಳನ್ನು ತೆರೆಸಿದಳು. ಪೊರಕೆ ಹಿಡಿದ ದಾಸಿಯನ್ನು ತಡೆದು, ಪುಡಿ ಏಳದಂತೆ ಒದ್ದೆ ಬಟ್ಟೆಯಿಂದ ಒರೆಸಿದಳು. ಎಲ್ಲರಿಂದಲೂ ಕೈ ತೊಳೆಸಿದಳು. ಪೆಟ್ಟಿಗೆಯನ್ನು ಗವಿಯಲ್ಲಿಟ್ಟು ಬಾಗಿಲಿಗೆ ಗೋಡೆ ಕಟ್ಟಿಸಿದರು.

ಮೂರು ತಿಂಗಳಿಗೆ ಉದಯನ ತಲೆಯಲ್ಲಿ ಕೂದಲು ಚಿಗುರಿತು. ಆದರೂ ರಾಣಿ ಬಾಗಿಲಲ್ಲೇ ನಿಂತಿರುತ್ತಿದ್ದಳು. ಹತ್ತಿರ ಹೋದರೆ ಮಗನಿಗೆ ಮತ್ತೆ ಏನಾದೀತೋ ಎಂಬ ಅಂಜಿಕೆ.

"ಅಮ್ಮ ಯಾಕೆ ಬರುವುದಿಲ್ಲ, ಅಕ್ಕ?" ಎಂದು ಉದಯ ಕೇಳಿದ.

ರಾಣಿ ಸುಗ್ಗಲೆಯ ಮುಖ ನೋಡಿದಳು. "ಎಷ್ಟು ದೂರದಲ್ಲಿ ಕೂರಲಿ? ಎಷ್ಟು ಹೊತ್ತು?"

"ನೀವು ಕಲ್ಲಲ್ಲ, ಮಹಾರಾಣಿ. ಎಷ್ಟು ಹತ್ತಿರ ಬೇಕಾದರೂ, ಎಷ್ಟು ಹೊತ್ತು ಬೇಕಾದರೂ."

ರಾಣಿ ಓಡಿಬಂದು ಮಗನನ್ನು ಅಪ್ಪಿಕೊಂಡಳು. ಅಂದಿನಿಂದ ಮಣಿಪರ್ಣಿಯಲ್ಲಿ ರಾಜನೂ ಪ್ರಜೆಯೂ ಉಂಡು, ನಕ್ಕು, ನೂರು ವರ್ಷ ನೆಮ್ಮದಿಯಿಂದ ಬಾಳಿದರು.