ಬಾತುಕೋಳಿಯ ಉಪವಾಸ

ಏಳು ಬೆಟ್ಟ ದಾಟಿದರೆ ಉಪ್ಪಿನ ಸರೋವರ, ಅದರಾಚೆ ಗಂಟೆನಾಡು. ಬಹಳ ಬಹಳ ಹಿಂದೆ ಆ ನಾಡಿನ ಅರಸನ ಅಡುಗೆಮನೆಯಲ್ಲಿ ಮಗ್ದಲಿ ಎಂಬ ಹೆಣ್ಣುಮಗಳಿದ್ದಳು. ಕ್ರಿಸ್‌ಮಸ್ ಅಡುಗೆಯಲ್ಲಿ ಅವಳ ಕೈಗೆ ಸರಿಸಾಟಿ ಇರಲಿಲ್ಲ.

ಆ ನಾಡಿನ ಪದ್ಧತಿ ಹೀಗಿತ್ತು: ಹಬ್ಬದ ಮುನ್ನಾದಿನ ಊರಿಗೆ ಊರೇ ಉಪವಾಸ. ಮುಸ್ಸಂಜೆ ಇಗರ್ಜಿಯ ಗಂಟೆ ಹೊಡೆದ ಮೇಲೆಯೇ ಹಬ್ಬದೂಟ. ಅಡುಗೆಯವಳು ಕೂಡ ರುಚಿ ನೋಡುವಂತಿಲ್ಲ; ಸಾರನ್ನು ಮೂಸಿಯೇ ಉಪ್ಪು ಅಳೆಯಬೇಕು. ಇದನ್ನು ಮುರಿಯುತ್ತಿದ್ದವನು ಒಬ್ಬನೇ, ಮಗ್ದಲಿಯ ತಮ್ಮ ಇನಾಸ. ಕಜ್ಜಾಯ ಕದಿಯುವ ಮುಂಚೆ ಅವನು ಗೋಡೆಯ ಮೇಲಿನ ಮರಿಯಮ್ಮನವರ ಪಟಕ್ಕೆ ಬೆನ್ನು ತಿರುಗಿಸುತ್ತಿದ್ದ.

“ಅದೇನೋ ನಿನ್ನ ಶೋಕಿ?” ಎಂದು ಮಗ್ದಲಿ ಗದರುತ್ತಿದ್ದಳು.

“ತಾಯಿ ನೋಡಿದರೆ ನೊಂದುಕೊಳ್ಳುತ್ತಾಳಲ್ಲ ಅಕ್ಕಾ, ಅದಕ್ಕೆ.”

ಒಂದು ವರ್ಷ, ಹಬ್ಬದ ಮುನ್ನಾದಿನ ಬೆಳಿಗ್ಗೆ, ಇನಾಸ ಕಾಣೆಯಾದ. ಅಡುಗೆಮನೆಯಲ್ಲಿ ಮೂರು ಪ್ರಾಣಿಗಳು ನಿಂತಿದ್ದವು: ಒಂದು ಹಂದಿ, ಒಂದು ಟಗರು, ಒಂದು ಬಾತುಕೋಳಿ. ಒಲೆಯ ಹೊಗೆಯೊಳಗಿಂದ ಒಂದು ದನಿ ಬಂತು. ಅದು ಸರೋವರದಾಚೆಯ ಮಾಂತ್ರಿಕ ಬೂದಿಗಣ್ಣನ ದನಿ.

“ಮೂರರಲ್ಲಿ ಒಂದು ನಿನ್ನ ತಮ್ಮ. ನನ್ನ ಶಾಪ ತಗುಲಿದವನಿಗೆ ಮಾತು ಬರುವುದಿಲ್ಲ. ಗಂಟೆ ಹೊಡೆಯುವುದರೊಳಗೆ ಇವುಗಳಲ್ಲಿ ಒಂದನ್ನು ನೀನೇ ಆರಿಸಿ ಬೇಯಿಸಬೇಕು. ಬೇಯಿಸದಿದ್ದರೆ ಊರಿನ ಒಬ್ಬೊಬ್ಬರೂ ಹೀಗೆಯೇ ಪ್ರಾಣಿಗಳಾಗುತ್ತಾರೆ. ತಮ್ಮನನ್ನೇ ಬೇಯಿಸಿದೆಯೋ, ಆ ಊಟ ಉಂಡ ನಾಡು ಎಂದೆಂದಿಗೂ ನನ್ನದು.”

ಹೊಗೆ ಚದುರಿತು. ಬಾಗಿಲು ಹೊರಗಿನಿಂದ ಚಿಲಕ ಹಾಕಿಕೊಂಡಿತು.

ಮಗ್ದಲಿ ಅರೆಯುವ ಕಲ್ಲಿನ ಮುಂದೆ ಕೂತಳು. ಹದಿನೆಂಟು ಒಣಮೆಣಸಿನಕಾಯಿ, ಮೂರು ಹಿಡಿ ಕೊತ್ತಂಬರಿ, ಒಂದು ಇಡೀ ತೆಂಗಿನಕಾಯಿ ಹಾಕಿ ಮಸಾಲೆ ಅರೆದಳು. ಅರೆಯುವಾಗ ಮೂರೂ ಪ್ರಾಣಿಗಳು ಅವಳನ್ನೇ ನೋಡುತ್ತಿದ್ದವು.

“ಇನಾಸಾ,” ಎಂದು ಮೆಲ್ಲಗೆ ಕರೆದಳು. ಮೂರೂ ತಲೆ ಎತ್ತಿದವು.

ಸತ್ತ ತಾಯಿಯ ಹಳೆಯ ಸೆರಗಿನ ತುಂಡನ್ನು ನೆಲದ ಮೇಲೆ ಹಾಸಿದಳು. ಮೂರೂ ಬಂದು ಮೂಸಿದವು. ಟಗರು ಅದರ ಅಂಚನ್ನು ಅಗಿಯತೊಡಗಿತು. ಮಗ್ದಲಿ ಕಿತ್ತುಕೊಂಡಳು. ಏನೂ ತಿಳಿಯಲಿಲ್ಲ.

ಇಗರ್ಜಿಯ ಗೋಪುರದ ನೆರಳು ಕಿಟಕಿಯವರೆಗೆ ಬಂದಿತ್ತು. ಹಂಡೆಯಲ್ಲಿ ನೀರು ಕೊತಕೊತ ಕುದಿಯುತ್ತಿತ್ತು. ಕೊನೆಗೆ ಅವಳಿಗೆ ಉಪವಾಸ ನೆನಪಾಯಿತು. ಮನುಷ್ಯನಾದವನು ಈ ದಿನ ಉಣ್ಣುವನೇ? ಮೂರು ತಟ್ಟೆಗಳಲ್ಲಿ ಕಜ್ಜಾಯ ಇಟ್ಟಳು.

ಟಗರು ತಿಂದಿತು. ಹಂದಿ ಗಬಗಬನೆ ಮುಕ್ಕಿತು. ಬಾತುಕೋಳಿ ಮಾತ್ರ ಕೊಕ್ಕು ತಾಗಿಸಲಿಲ್ಲ. ಪಟದ ಮುಂದೆ ಹೋಗಿ ಕತ್ತು ಬಾಗಿಸಿತು. ಅದರ ಕಣ್ಣಿಂದ ನೀರು ಇಳಿಯಿತು.

“ನೀನೇ ಕಣೋ!” ಎಂದು ಮಗ್ದಲಿ ಅದನ್ನು ಬಾಚಿ ತಬ್ಬಿಕೊಂಡಳು. ಇನ್ನೊಂದು ಕೈಯಲ್ಲಿ ಕತ್ತಿ ಹಿಡಿದು ಹಂದಿಯತ್ತ ತಿರುಗಿದಳು. ಹಂದಿ ಓಡಲಿಲ್ಲ. ಕೊನೆಯ ಕಜ್ಜಾಯ ಅದರ ಬಾಯಲ್ಲಿತ್ತು. ಅದರ ಬೆನ್ನು ಮಾತ್ರ ಮರಿಯಮ್ಮನವರ ಪಟದ ಕಡೆಗಿತ್ತು.

ಮಗ್ದಲಿಯ ಕತ್ತಿ ಗಾಳಿಯಲ್ಲೇ ನಿಂತಿತು. ತಟ್ಟೆಯನ್ನು ಪಟದ ಎದುರಿಗೆ ಸರಿಸಿದಳು. ಹಂದಿ ಒಂದು ಸುತ್ತು ಹಾಕಿ, ಮತ್ತೆ ಪಟಕ್ಕೆ ಬೆನ್ನು ಮಾಡಿ, ತಟ್ಟೆ ನೆಕ್ಕಿತು.

ಅವಳು ಕತ್ತಿ ಕೆಳಗಿಟ್ಟಳು. ಹುಟ್ಟಿದಂದಿನಿಂದ ಒಂದು ಉಪವಾಸವನ್ನೂ ಮಾಡದ ತಮ್ಮ ಇವತ್ತು ಮಾಡುತ್ತಾನೆಯೇ? ಹಾಗಾದರೆ ತನ್ನ ಎದೆಗೆ ಒರಗಿಕೊಂಡು ಅಳುತ್ತಿರುವುದು ಯಾರು?

“ನಮ್ಮ ಮನೆಯಲ್ಲಿ ಇಷ್ಟು ದೊಡ್ಡ ಭಕ್ತರು ಯಾರೂ ಇಲ್ಲ,” ಎನ್ನುತ್ತ ಅವಳು ಬಾತುಕೋಳಿಯನ್ನು ಕತ್ತು ಹಿಡಿದು ಹಂಡೆಯ ಮೇಲೆ ಎತ್ತಿದಳು.

“ಅಕ್ಕಾ, ಬೇಡ! ನಾನೇ ಇನಾಸ!” ಎಂದು ಬಾತುಕೋಳಿ ಕಿರುಚಿತು.

“ಶಾಪ ತಗುಲಿದವನಿಗೆ ಮಾತು ಬರುವುದಿಲ್ಲ ಎಂದವನು ನೀನೇ ಅಲ್ಲವೇ?”

ಅದರ ಕಣ್ಣುಗಳು ಬೂದಿಯ ಬಣ್ಣಕ್ಕೆ ತಿರುಗಿದವು. ರೆಕ್ಕೆಗಳು ಉಗುರುಳ್ಳ ಕೈಗಳಾಗಿ ಅವಳ ಮುಖಕ್ಕೆ ಬಂದವು. ಮಗ್ದಲಿ ಕಣ್ಣು ಮುಚ್ಚಿ ಅವನನ್ನು ಕುದಿಯುವ ನೀರಿಗೆ ಒತ್ತಿದಳು, ಮುಚ್ಚಳ ಹಾಕಿ ಅದರ ಮೇಲೆ ಅರೆಯುವ ಕಲ್ಲನ್ನು ಹೇರಿದಳು. ಹಂಡೆ ಬಡಿದುಕೊಂಡಿತು. ಒಮ್ಮೆ. ಎರಡು ಸಲ. ಮೂರನೆಯ ಬಡಿತಕ್ಕೆ ಗಂಟೆ ಹೊಡೆಯಿತು.

ಮುಚ್ಚಳ ತೆಗೆದರೆ ಒಳಗೆ ಒಂದು ಹಿಡಿ ಬೂದಿ. ಬಾಗಿಲು ತಾನಾಗಿ ತೆರೆಯಿತು. ಹಂದಿಯಿದ್ದ ಜಾಗದಲ್ಲಿ ಇನಾಸ ಕೂತಿದ್ದ, ತುಟಿಯ ಮೇಲೆ ಎಳ್ಳು.

“ಇನ್ನೊಂದು ಕಜ್ಜಾಯ ಇದೆಯಾ ಅಕ್ಕಾ?”

ಮಗ್ದಲಿ ಅವನ ಕಿವಿ ಹಿಂಡಿದಳು. ಆಮೇಲೆ ಕಿವಿ ಬಿಡದೆಯೇ ಅತ್ತಳು.

ಅರೆದ ಮಸಾಲೆ ಹಾಳಾಗಬಾರದಲ್ಲ! ಬೂದಿಯನ್ನು ಸರೋವರಕ್ಕೆ ಸುರಿದು, ಹೊಸ ಹಂಡೆ ಏರಿಸಿ, ದೊಡ್ಡದೊಂದು ಸಿಹಿಗುಂಬಳ ಕೊಯ್ದು ಅದೇ ಮಸಾಲೆಯಲ್ಲಿ ಬೇಯಿಸಿದಳು. ಅರಸ ಮೂರು ಸಲ ಬಡಿಸಿಕೊಂಡ. ಟಗರಿಗೆ ಕೊರಳಗಂಟೆ ಕಟ್ಟಿದರು. ಅದು ಮುದಿಯಾಗುವವರೆಗೆ ಬದುಕಿತು. ಬೂದಿಗಣ್ಣನ ಹೆಸರು ಹೇಳಿ ಹೆದರುವವರು ಯಾರೂ ಉಳಿಯಲಿಲ್ಲ.

ಗಂಟೆನಾಡಿನಲ್ಲಿ ಇಂದಿಗೂ ಕ್ರಿಸ್‌ಮಸ್‌ಗೆ ಕುಂಬಳವೇ ಮೊದಲ ಅಡುಗೆ. ಗಂಟೆ ಹೊಡೆಯುವ ಮುಂಚೆ, ತೀರಾ ಹಸಿದ ಒಬ್ಬರಿಗೆ ಒಂದು ಸೌಟು ಬಡಿಸುತ್ತಾರೆ. ಅವರು ಉಂಡು ಮುಗಿಸುವವರೆಗೆ ಮನೆಯವರೆಲ್ಲ ಬೆನ್ನು ತಿರುಗಿಸಿ ನಿಲ್ಲುತ್ತಾರೆ.