ಬಾತುಗಳ ಮನೆಗೆ ಬಂದ ಅಳಿಯ

"ಒಳಗೆ ಯಾರಾದ್ರೂ ಇದ್ದೀರಾ?"

ಸಾಸಿವೆ ಬಾತಿನ ಮೊಟ್ಟೆಯನ್ನು ಕಿವಿಗೆ ಒತ್ತಿಕೊಂಡು ಕೇಳಿದಳು. ಅಡುಗೆಮನೆಯಲ್ಲಿ ಅವಳನ್ನು ಬಿಟ್ಟರೆ ಒಂದು ನರಪಿಳ್ಳೆಯೂ ಇರಲಿಲ್ಲ. ಮೊಟ್ಟೆಯೂ ಉಸಿರೆತ್ತಲಿಲ್ಲ.

ಶಾಲೆಯ ಹಾಜರಿಯಲ್ಲಿ ಅವಳಿಗೆ ಬೇರೆ ಹೆಸರಿತ್ತು. ಮನೆಯಲ್ಲಿ ಮಾತ್ರ ಸಾಸಿವೆ. ಅಷ್ಟು ಸಣ್ಣಗಿದ್ದಳು, ಬಿಸಿ ತಾಗಿದರೆ ಹಾಗೇ ಸಿಡಿಯುತ್ತಿದ್ದಳು. ಹಿತ್ತಲಿನ ಮೂರು ಹೆಣ್ಣು ಬಾತುಗಳು ಅವಳ ಪಾಲಿನ ಕೆಲಸ. ಬೆಳಿಗ್ಗೆ ಗೂಡಿನ ಬಾಗಿಲು ತೆಗೆಯುವುದು, ತೊಟ್ಟಿಯ ನೀರು ಬದಲಿಸುವುದು, ಒದ್ದೆ ಹುಲ್ಲು ಗುಡಿಸಿ ಒಣಹುಲ್ಲು ಹಾಸುವುದು, ಎಲ್ಲ ಅವಳೇ. ಸಾಲಿನಲ್ಲಿ ಎದೆಯುಬ್ಬಿಸಿ ಮುಂದೆ ನಡೆಯುವವಳು ಹೆಡ್ ಮೇಡಂ. ಕೂಗಿ ಕೂಗಿ ಪಕ್ಕದ ಮನೆಯವರನ್ನೂ ಎಬ್ಬಿಸುವವಳು ಗಲಾಟೆ. ಕೊನೆಯಲ್ಲಿ ಓಡೋಡಿ ಬರುವ ಪುಟ್ಟ ಬಿಳಿ ಬಾತು ಹತ್ತಿ.

ಸಾಸಿವೆಗೆ ಮರಿ ಬೇಕಿತ್ತು. ಅಂಗೈಯಲ್ಲಿ ಕೂರುವಂಥ, ಹಳದಿ ಮರಿ. ಅದಕ್ಕೇ ನಾಲ್ಕಾರು ಮೊಟ್ಟೆಗಳನ್ನು ಅಣ್ಣನ ಉಣ್ಣೆ ಟೋಪಿಯಲ್ಲಿ ಬೆಚ್ಚಗೆ ಬಚ್ಚಿಟ್ಟಿದ್ದಳು. ಕಿವಿಗಿಟ್ಟ ಮೊಟ್ಟೆಯನ್ನೂ ಅದರೊಳಗೇ ಸೇರಿಸಿ ಫ್ರಿಜ್ಜಿನ ಮೇಲಿಟ್ಟಳು. ಸಂಜೆ ಅಣ್ಣ ಅವಸರದಲ್ಲಿ ಬಂದು, ಟೋಪಿ ಎಳೆದು, ತಲೆಗೆ ಹಾಕಿಕೊಂಡ. ಮುಂದೆ ಏನಾಯಿತೆಂದು ಬಿಡಿಸಿ ಹೇಳಬೇಕಾಗಿಲ್ಲ.

"ಗಂಡು ಬಾತೇ ಇಲ್ಲದ ಮನೇಲಿ ಮರಿ ಎಲ್ಲಿಂದ ಬರಬೇಕು ತಾಯಿ?" ಎಂದರು ಅಪ್ಪ, ಅಣ್ಣನ ತಲೆಗೆ ಎರಡನೇ ಸಲ ಶಾಂಪೂ ಹಾಕುತ್ತಾ.

ಅಂದಿನಿಂದ ಒಂದೇ ಜಪ. ಊಟಕ್ಕೆ ಕೂತರೂ ಗಂಡು ಬಾತು, ಹೋಂವರ್ಕಿಗೆ ಕೂತರೂ ಗಂಡು ಬಾತು. ಇರುವ ಮೂರರ ಗದ್ದಲವೇ ಸಾಕಾಗಿದೆ ಎಂದು ಅಮ್ಮ ತಲೆ ಕೊಡವಿದಳು. ಗಂಡು ಬಾತು ಹಾಗೆಲ್ಲ ಕೂಗುವುದಿಲ್ಲ, ಅದರದು ಗಂಟಲು ಕಟ್ಟಿದಂಥ ಮೆಲುದನಿ ಎಂದು ಸಾಸಿವೆ ಎಲ್ಲಿಂದಲೋ ತಿಳಿದುಕೊಂಡು ಬಂದು ವಾದಿಸಿದಳು.

ಸೈಕಲ್ ಶಾಪಿನ ಮಾಮನ ಬಳಿ ಅಂಥದ್ದೊಂದಿತ್ತು. ಟ್ಯೂಬಿನ ಪಂಕ್ಚರ್ ಹುಡುಕಲು ಇಟ್ಟ ನೀರಿನ ಟಬ್ಬಿನಲ್ಲೇ ಅದರ ಸ್ನಾನ, ಈಜು. ಈಚೀಚೆಗೆ ಅದು ಅಂಗಡಿಗೆ ಬಂದವರ ಶೂ ಲೇಸ್ ಕಚ್ಚಿ ಎಳೆಯುತ್ತಿತ್ತು. ಪಾಪ, ಒಂಟಿ ಜೀವ, ಜೊತೆ ಸಿಕ್ಕರೆ ಸರಿಹೋಗುತ್ತದೆ ಎಂಬುದು ಮಾಮನ ಲೆಕ್ಕ. ಕೊನೆಗೆ ಅಪ್ಪ ತೀರ್ಮಾನ ಕೊಟ್ಟರು. ಒಂದು ವಾರ ಇಟ್ಟು ನೋಡುವುದು. ಆಮೇಲೆ ಬೇಕೋ ಬೇಡವೋ ಹೇಳಬೇಕಾದವಳು ಗೂಡು ಗುಡಿಸುವವಳು.

ಹಸಿರು ತಲೆ, ಬಾಲದ ತುದಿಯಲ್ಲಿ ಸುರುಳಿ ಪುಕ್ಕ, ಗತ್ತಿನ ನಡಿಗೆ. ಬುಟ್ಟಿಯಿಂದ ಇಳಿದವನನ್ನು ಅಮ್ಮ ಒಮ್ಮೆ ಮೇಲಿಂದ ಕೆಳಗೆ ನೋಡಿ, "ಓ, ಅಳಿಯಂದಿರು ಬಂದ್ರು" ಎಂದಳು. ಅದೇ ಹೆಸರಾಯಿತು.

ಬೇಡವೆಂದಿದ್ದ ಅಮ್ಮನೇ ಅವನಿಗೆ ಜೋಳ ಬೇಯಿಸಿ ಹಾಕತೊಡಗಿದಳು. ಅಳಿಯಂದಿರ ಸ್ನಾನ ಆಯ್ತಾ, ಅಳಿಯಂದಿರು ಯಾಕೋ ಸಪ್ಪಗಿದ್ದಾರಲ್ಲ ಎಂದು ಮನೆಯವರೆಲ್ಲ ವಿಚಾರಿಸಿದ್ದೇ ವಿಚಾರಿಸಿದ್ದು. ಅಣ್ಣ ಮೊಬೈಲಿನಲ್ಲಿ ಫೋಟೋ ತೆಗೆದ. ಸಾಸಿವೆ ಬರಲಿರುವ ಮರಿಗಳಿಗೆ ಶೂ ಡಬ್ಬಿಯಲ್ಲಿ ಹಾಸಿಗೆ ಮಾಡಿ, ಅರ್ಧ ಕ್ಲಾಸಿಗೆ ನೋಡಲು ಬನ್ನಿ ಎಂದು ಹೇಳಿಯೂ ಬಂದಳು.

ಹತ್ತಿ ಮಾತ್ರ ನೀಲಿ ಡ್ರಮ್ಮಿನ ಹಿಂದೆ ಸೇರಿಕೊಂಡಿತು.

"ನಾಚಿಕೆ ಅವಳಿಗೆ" ಎಂದ ಅಣ್ಣ. ಎಲ್ಲರೂ ನಕ್ಕರು. ಸಾಸಿವೆ ಎಲ್ಲರಿಗಿಂತ ಹೆಚ್ಚು ನಕ್ಕಳು.

ಭಾನುವಾರ ಅವಳು ಹಿತ್ತಲ ಮೆಟ್ಟಿಲ ಮೇಲೆ ಕೂತು ಚಿತ್ರಕ್ಕೆ ಬಣ್ಣ ತುಂಬುತ್ತಿದ್ದಳು. ಹತ್ತಿ ಮೆಲ್ಲಗೆ ತಲೆ ಹೊರಹಾಕಿ, ನೀರಿನ ತೊಟ್ಟಿಯತ್ತ ಹೆಜ್ಜೆಯಿಟ್ಟಿತು. ಎಲ್ಲಿದ್ದನೋ ಅಳಿಯ, ಬಂದವನೇ ಅದರ ಕತ್ತಿನ ಪುಕ್ಕ ಕಚ್ಚಿ ನೆಲಕ್ಕೆ ಒತ್ತಿದ. ಹತ್ತಿ ಕೊಸರಿಕೊಂಡು ಡ್ರಮ್ಮಿನ ಹಿಂದಕ್ಕೆ ಓಡಿತು. ಸ್ವಲ್ಪ ಹೊತ್ತಿಗೆ ಮತ್ತೆ ಬಂತು, ಮತ್ತೆ ಅದೇ ಆಯಿತು. ಒಂದು ಗುಟುಕು ನೀರೂ ಕುಡಿಯಲಿಲ್ಲ.

ಸಾಸಿವೆ ಅದನ್ನು ಎತ್ತಿಕೊಂಡು ನೋಡಿದಳು. ಕತ್ತಿನ ಹಿಂದೆ ಪುಕ್ಕವೇ ಇರಲಿಲ್ಲ. ತೆಳ್ಳನೆಯ ಚರ್ಮ ಕೆಂಪಾಗಿತ್ತು.

ಅವಳ ಕೈ ತಾನಾಗಿ ತನ್ನ ಜಡೆಗೆ ಹೋಯಿತು. ಅಣ್ಣ ದಿನವೂ ಅದನ್ನು ಎಳೆಯುತ್ತಿದ್ದ. ಅತ್ತರೆ, ತಮಾಷೆಗೆ ಕಣೇ ಎನ್ನುತ್ತಿದ್ದರು ಎಲ್ಲರೂ. ಮನೆಗೆ ಮನೆಯೇ ನಗುತ್ತಿತ್ತು, ಜಡೆ ಯಾರದೋ ಅವರೊಬ್ಬರನ್ನು ಬಿಟ್ಟು.

ಅಪ್ಪ ಬಂದು ಹತ್ತಿಯ ಕತ್ತು ನೋಡಿದರು. ಅವನದೂ ತಪ್ಪಲ್ಲ, ಗಂಡು ಬಾತುಗಳು ಇರುವುದೇ ಹಾಗೆ ಎಂದರು. ಐದಾರು ಹೆಣ್ಣುಗಳಿದ್ದರೆ ಅವನ ಕಾಟ ಹಂಚಿಹೋಗುತ್ತದೆ. ಇಲ್ಲಿರುವುದು ಮೂರು, ಇನ್ನೂ ತರಲು ಜಾಗವಿಲ್ಲ. ನಡುವೆ ಜಾಲರಿ ಕಟ್ಟಿದರೆ ಎಂದಳು ಸಾಸಿವೆ. ಕಟ್ಟಿದರೆ ಅವನು ಇಲ್ಲಿಯೂ ಒಂಟಿಯೇ ಅಲ್ಲವೇ ಎಂದರು ಅಪ್ಪ.

ದಿನ ಕಳೆದಂತೆ ಸರಿಹೋಗುತ್ತಾನೆ ಎಂದಳು ಅಮ್ಮ. ಮರಿ ಆಗುವವರೆಗಾದರೂ ಇರಲಿ ಎಂದ ಅಣ್ಣ. ಅದೇ ಮಾತು ಸಾಸಿವೆಯ ಹೊಟ್ಟೆಯೊಳಗೂ ಇದ್ದುದರಿಂದ ಅವಳು ಅವನ ಮೇಲೆ ಸಿಡಿಯಲಿಲ್ಲ.

ವಾರ ಮುಗಿದ ದಿನ ಸೈಕಲ್ ಮಾಮ ಬಂದರು. ಕೈಯಲ್ಲಿ ಕಾಳಿನ ಚೀಲವಿತ್ತು, ಬುಟ್ಟಿ ಇರಲಿಲ್ಲ. ಅಳಿಯ ಓಡಿಬಂದು ಅವರ ಲೇಸ್ ಎಳೆದ. ಮಾಮನ ಮುಖವೆಲ್ಲ ನಗುವಾಯಿತು.

"ಎಷ್ಟು ಚೆನ್ನಾಗಿ ಹೊಂದ್ಕೊಂಡಿದ್ದಾನೆ ನೋಡಿ. ಇಲ್ಲೇ ಇರ್ಲಿ ಬಿಡಮ್ಮ. ಮರಿ ಆದ್ಮೇಲೆ ಒಂದನ್ನ ನಂಗೆ ಕೊಡು, ಸಾಕು."

ಎಲ್ಲರೂ ನಗುನಗುತ್ತಾ ಸಾಸಿವೆಯ ಕಡೆ ನೋಡಿದರು. ಅವಳು ಬಗ್ಗಿ ಅಳಿಯನನ್ನು ಎತ್ತಿಕೊಂಡಳು. ಬೆಚ್ಚಗಿದ್ದ, ಭಾರವಾಗಿದ್ದ. ಅಂಗೈಯಡಿ ಅವನ ಎದೆ ಟಕಟಕ ಎನ್ನುತ್ತಿತ್ತು. ಅವನ ಮೇಲೆ ಅವಳಿಗೆ ಸಿಟ್ಟಿರಲಿಲ್ಲ. ಹಸಿರು ತಲೆಯನ್ನೊಮ್ಮೆ ಸವರಿ, ಮಾಮನ ತೋಳಿಗೆ ಕೊಟ್ಟಳು.

"ಬೇಡ ಮಾಮ. ಕರ್ಕೊಂಡು ಹೋಗಿ."