ಭಾನುವಾರದ ಒಪ್ಪಿಗೆ

"ಎಲ್ಲಿಗೆ ಹೋದೆ, ಮಹರಾಯ್ತಿ?"

ಟೆಲಿಸ್ಕೋಪಿಗೆ ಕಣ್ಣು ಅಂಟಿಸಿಕೊಂಡಿದ್ದ ಆ ಮನುಷ್ಯ ಕೇಳಿದ್ದು ಯಾರನ್ನೂ ಅಲ್ಲ. ಅವನ ಹತ್ತಿರ ಒಂದು ನರಪಿಳ್ಳೆಯೂ ಇರಲಿಲ್ಲ. ಆದರೆ ಕಾರಿನಿಂದಿಳಿದವರೇ ಎತ್ತಲೋ ನಡೆದುಬಿಟ್ಟ ಅಪ್ಪನನ್ನು ಹುಡುಕುತ್ತ ಮೈಥಿಲಿ ಏದುಸಿರಿನಲ್ಲಿ ದಿಬ್ಬ ಹತ್ತಿದ್ದು ಅದೇ ಗಳಿಗೆಯಲ್ಲಿ. ಪರದೇಶದ ಲಾಸ್ ಗ್ಯಾಟೋಸ್ ಊರಿನ ಮೇಲಿನ ಆ ಕೆರೆಯ ದಂಡೆಯಲ್ಲಿ ಅಚ್ಚ ಕನ್ನಡದಲ್ಲಿ ಬಂದ ಪ್ರಶ್ನೆ ತನಗೇ ಎಂದುಕೊಂಡಳು.

"ಇಲ್ಲೇ ಇದ್ದೆ. ಕಾರ್ ಲಾಕ್ ಮಾಡ್ತಿದ್ದೆ ಅಷ್ಟೇ," ಎಂದುಬಿಟ್ಟಳು, ತಪ್ಪು ಮಾಡಿ ಸಿಕ್ಕಿಬಿದ್ದವಳ ಹಾಗೆ.

ಅವನು ತಿರುಗಿದ. ಬಲಗಣ್ಣಿನ ಸುತ್ತ ಟೆಲಿಸ್ಕೋಪು ಒತ್ತಿದ ಕೆಂಪು ಬಳೆಯ ಗುರುತು.

"ನಾನು ಹದ್ದನ್ನ ಕೇಳಿದ್ದು," ಎಂದ. "ಎರಡು ವರ್ಷದಿಂದ ಕೇಳ್ತಾನೇ ಇದೀನಿ. ಉತ್ತರ ಬಂದಿದ್ದು ಇವತ್ತೇ ಮೊದಲು."

ನಾಚಿಕೆಯಿಂದ ಅವಳ ಕಿವಿ ಬಿಸಿಯಾಯಿತು. ಏನಾದರೂ ಹೇಳಬೇಕು ಅನ್ನುವಷ್ಟರಲ್ಲಿ ಇಪ್ಪತ್ತು ಹೆಜ್ಜೆ ಆಚೆಯಿಂದ ಅಪ್ಪನ ದನಿ ಕೇಳಿತು. ವ್ಯಾಸರಾಜ ಮೇಷ್ಟ್ರು ಎರಡೂ ಕೈ ತಲೆಯ ಮೇಲೆ ಜೋಡಿಸಿ ಮುಗಿಲು ನೋಡುತ್ತ ನಿಂತಿದ್ದರು. ಮೇಲೆ, ಅಗಲ ರೆಕ್ಕೆ ಅಲುಗಿಸದೆ, ಬಿಳಿ ತಲೆಯ ಒಂದು ದೊಡ್ಡ ಹಕ್ಕಿ ಕೆರೆಯನ್ನು ಸುತ್ತುಹಾಕುತ್ತಿತ್ತು.

"ಗರುಡ ಕಣೇ ಮೈಥಿಲಿ! ಭಾನುವಾರ, ಗರುಡ ದರ್ಶನ!" ಎಂದವರೇ "ಕೃಷ್ಣ ಕೃಷ್ಣ" ಎನ್ನುತ್ತ ಕೆನ್ನೆ ಬಡಿದುಕೊಂಡರು.

ಅದು ಗರುಡವಲ್ಲ, ಈ ದೇಶದ ಬಾಲ್ಡ್ ಈಗಲ್. ಅಷ್ಟು ಮೈಥಿಲಿಗೂ ಗೊತ್ತಿತ್ತು. ಟೆಲಿಸ್ಕೋಪಿನವನು ತಿದ್ದಲು ಬಾಯಿ ತೆರೆದ. ಹಕ್ಕಿಯ ಹೆಸರು ತಪ್ಪಾದರೆ ತಡೆದುಕೊಳ್ಳಲಾರದ ಜಾತಿಯವನು ಎಂದು ಅವನ ಹುಬ್ಬೇ ಹೇಳುತ್ತಿತ್ತು. ಬೇಡ ಎಂದು ಅವಳು ಕಂಡೂ ಕಾಣದ ಹಾಗೆ ತಲೆಯಾಡಿಸಿದಳು. ಅವನು ಮೇಷ್ಟ್ರ ಮುಗಿದ ಕೈಯನ್ನೊಮ್ಮೆ, ಅವಳ ಮುಖವನ್ನೊಮ್ಮೆ ನೋಡಿದ. ಬಾಯಿ ಮುಚ್ಚಿಕೊಂಡ.

ಮೈಥಿಲಿ ಮೊದಲು ಪ್ರೀತಿಸಿದ್ದು ಆ ಮುಚ್ಚಿದ ಬಾಯಿಯನ್ನು.

*

ಅವನ ಹೆಸರು ಸುಘೋಷ್. ನಲವತ್ತೆರಡು ವಯಸ್ಸು, ಮೈಸೂರಿನವನು. ಪ್ರತಿ ಭಾನುವಾರ ಸ್ಯಾನ್ ರಮೋನಿನಿಂದ ಆರುನೂರೆಂಬತ್ತನೇ ನಂಬರಿನ ಫ್ರೀವೇ ಹಿಡಿದು ಒಂದು ಗಂಟೆ ಡ್ರೈವ್ ಮಾಡಿ ಬರುತ್ತಿದ್ದ. ಕೆರೆಯಾಚೆಯ ಪೈನ್ ಮರದ ತುದಿಯಲ್ಲಿ ಒಂದು ಜೋಡಿ ಹದ್ದು ಗೂಡು ಕಟ್ಟಿತ್ತು. ಅದನ್ನು ನೋಡಿ ನೋಟ್ ಪುಸ್ತಕದಲ್ಲಿ ಬರೆದಿಡುವುದು ಅವನ ವ್ರತ.

ಮೈಥಿಲಿ ಇದ್ದದ್ದು ಕ್ಯಾಂಪ್‌ಬೆಲ್ಲಿನ ಅಪಾರ್ಟ್‌ಮೆಂಟಿನಲ್ಲಿ, ಅಪ್ಪನ ಜೊತೆ. ಬೆಳಿಗ್ಗೆ ಬೇರೆಯವರು ಮಕ್ಕಳನ್ನು ಡೇಕೇರಿಗೆ ಬಿಟ್ಟರೆ ಇವಳು ಅಪ್ಪನನ್ನು ಹಿರಿಯರ ಡೇಕೇರಿಗೆ ಬಿಟ್ಟು ಆಫೀಸಿಗೆ ಹೋಗುತ್ತಿದ್ದಳು. ಮೇಷ್ಟ್ರಿಗೆ ಮರೆವಿನ ಕಾಯಿಲೆ. ತಿಂದ ತಿಂಡಿ ಮರೆಯುತ್ತಿತ್ತು, ವಾರ ಮರೆಯುತ್ತಿತ್ತು, ಹೆಂಡತಿ ತೀರಿಕೊಂಡದ್ದೂ ಒಮ್ಮೊಮ್ಮೆ ಮರೆಯುತ್ತಿತ್ತು. ಪದ್ಯ ಮಾತ್ರ ಮರೆತಿರಲಿಲ್ಲ. ನಲವತ್ತು ವರ್ಷ ಗಮಕ ವಾಚನ ಮಾಡಿದ ಗಂಟಲು ಅದು. ಷಟ್ಪದಿಯ ಮೂರನೇ ಸಾಲಿನ ಉದ್ದಕ್ಕೆ ಬಂದಾಗ ಈಚೆಗೆ ಒಮ್ಮೊಮ್ಮೆ ಕಾಲು ಜಾರಿದಂತೆ ನಿಂತುಬಿಡುತ್ತಿದ್ದರು. ಆಗ ಮೈಥಿಲಿ ಮೊದಲ ಪದವೊಂದನ್ನು ಮೆಲ್ಲಗೆ ಎತ್ತಿಕೊಟ್ಟರೆ ಸಾಕು, ಉಳಿದದ್ದು ತಾನಾಗಿ ಹರಿದು ಬರುತ್ತಿತ್ತು. ಐದನೇ ವಯಸ್ಸಿನಿಂದ ಚಾಪೆಯ ತುದಿಯಲ್ಲಿ ಕೂತು ಕೇಳಿದವಳು. ಹಾಡಲು ಬಾರದು, ಕೇಳಲು ಬರುತ್ತಿತ್ತು.

ಭಾನುವಾರಗಳು ಒಂದಕ್ಕೊಂದು ಪೋಣಿಸಿಕೊಂಡವು. ಅವಳು ಚಿತ್ರಾನ್ನದ ಡಬ್ಬಿ ತರುತ್ತಿದ್ದಳು, ಅವನು ಫ್ಲಾಸ್ಕಿನಲ್ಲಿ ಕಾಫಿ.

"ಸ್ಯಾನ್ ರಮೋನಿನ ಕಡೆ ಹದ್ದು ಇಲ್ವೇನ್ರೀ? ಇಷ್ಟು ದೂರ ಬರ್ತೀರಲ್ಲ," ಎಂದು ಒಮ್ಮೆ ಕೆಣಕಿದಳು.

"ಇವೆ. ಚಿತ್ರಾನ್ನ ತರೋ ಹದ್ದು ಇಲ್ಲ."

"ಓಹೋ. ಹಾಗಾದ್ರೆ ಮುಂದಿನ ವಾರದಿಂದ ಒಗ್ಗರಣೆಗೆ ಕಡಲೆಬೀಜ ಹಾಕಲ್ಲ. ನೋಡೋಣ ಬರ್ತೀರಾ ಅಂತ."

"ಅನ್ನ ಬರೀ ಬಿಳಿ ಇದ್ರೂ ಬರ್ತೀನಿ," ಎಂದವನು, ಹೆಚ್ಚು ಹೇಳಿಬಿಟ್ಟೆ ಅನ್ನುವಂತೆ ಟೆಲಿಸ್ಕೋಪಿನೊಳಗೆ ಮುಖ ಅಡಗಿಸಿದ.

ಒಂದು ಭಾನುವಾರ ಅವಳು ತಡವಾಗಿ ಬಂದಳು. ಬಂದವಳೇ ಟೆಲಿಸ್ಕೋಪಿಗೆ ಎಂದಿನಂತೆ ತುದಿಗಾಲಲ್ಲಿ ನಿಲ್ಲಹೋದರೆ ನಿಲ್ಲಬೇಕಾಗಿಯೇ ಇರಲಿಲ್ಲ, ಸುಮ್ಮನೆ ನಿಂತರೆ ಸರಿಯಾಗಿ ಕಣ್ಣಿಗೆ ಬಂತು. ಅವನು ಅವಳಿಗಿಂತ ಒಂದು ಗೇಣು ಎತ್ತರ. ಅವಳು ಇನ್ನೂ ಫ್ರೀವೇಯಲ್ಲಿದ್ದಾಗಲೇ ಸ್ಟ್ಯಾಂಡಿನ ಕಾಲು ಇಳಿಸಿ, ಬೆಳಗೆಲ್ಲ ತಾನೇ ಕುತ್ತಿಗೆ ಬಗ್ಗಿಸಿ ನೋಡುತ್ತ ನಿಂತಿದ್ದನೆಂದು ಆಗ ಹೊಳೆಯಿತು. ಗಾಜಿನೊಳಗೆ ಹೆಣ್ಣು ಹದ್ದು ಕಡ್ಡಿಯೊಂದನ್ನು ಗೂಡಿನಲ್ಲಿ ಇಟ್ಟು, ತೆಗೆದು, ಮತ್ತೆ ಇಡುತ್ತಿತ್ತು. ಮೈಥಿಲಿಗೆ ಅದು ಮಸುಕು ಮಸುಕಾಗಿ ಕಂಡಿತು.

"ಫೋಕಸ್ ಸರಿಯಿಲ್ವಾ?" ಎಂದ ಅವನು.

"ಸರಿಯಾಗೇ ಇದೆ," ಎಂದಳು, ಕಣ್ಣು ತೆಗೆಯದೆ.

*

ಮೇಷ್ಟ್ರ ವಂಶದಲ್ಲಿ ಒಂದು ಪದ್ಧತಿಯಿತ್ತು. ಗರುಡ ಕಾಣದೆ ಶುಭದ ಮಾತಿಗೆ ಒಪ್ಪಿಗೆ ಕೊಡುವಂತಿಲ್ಲ. ಮೈಸೂರಿನ ಮನೆಯಲ್ಲಿ ಸಂಬಂಧ ಬಂದಾಗಲೆಲ್ಲ ಮೈಥಿಲಿಯ ತಾಯಿ ತಾರಸಿ ಹತ್ತಿ ಕಾಯುತ್ತಿದ್ದರು. ಗರುಡ ಕಂಡ ಮೇಲೆಯೇ ಎಲೆ ಅಡಿಕೆ.

ಜನವರಿಯ ಒಂದು ಭಾನುವಾರ ಹದ್ದು ತಲೆಯ ಮೇಲೆಯೇ ಹಾದುಹೋಯಿತು. ಮೇಷ್ಟ್ರು ಕೈಮುಗಿದು, ಹಿಗ್ಗಿ, ಹಳೆಯ ರೂಢಿಯಂತೆ ಕೇಳಿದರು: "ಶುಭದ ಮಾತು ಏನಾದ್ರೂ ಇದ್ರೆ ಈಗಲೇ ಹೇಳಿಬಿಡಿ."

ಸುಘೋಷ್ ಕಾಫಿಯ ಲೋಟ ಕಲ್ಲಿನ ಮೇಲಿಟ್ಟ. "ಇದೆ ಮೇಷ್ಟ್ರೇ. ಮೈಥಿಲಿಯವರನ್ನ ನಾನು ಮದುವೆ ಆಗಬೇಕು ಅಂತಿದೀನಿ."

ಅದು ಅವಳಿಗೂ ಹೊಸ ಸುದ್ದಿ. ಕೈಯಲ್ಲಿದ್ದ ಡಬ್ಬಿಯ ಮುಚ್ಚಳ ಉರುಳಿ ದಂಡೆಯ ಇಳಿಜಾರಿನಲ್ಲಿ ನೀರಿನವರೆಗೂ ಹೋಯಿತು. ಯಾರೂ ಹಿಡಿಯಲಿಲ್ಲ.

ಮೇಷ್ಟ್ರು ಅವನ ತಲೆಯ ಮೇಲೆ ಕೈಯಿಟ್ಟರು. "ಗರುಡನೇ ಸಾಕ್ಷಿ. ಒಪ್ಪಿದೆ."

ಇಳಿದು ಬರುವಾಗ ಅವಳ ಎದೆಯಲ್ಲಿ ಮೋಹನ ರಾಗ. ಕಾರು ಕ್ಯಾಂಪ್‌ಬೆಲ್ ಮುಟ್ಟುವ ಹೊತ್ತಿಗೆ ಹಿಂದಿನ ಸೀಟಿನಿಂದ ಅಪ್ಪ ಕೇಳಿದರು: "ಯಾರಮ್ಮ ಆ ಹುಡುಗ? ಪಾಪ, ಒಬ್ಬನೇ ನಿಂತಿದ್ದ."

ಮುಂದಿನ ಭಾನುವಾರ ಮತ್ತೆ ಹದ್ದು, ಮತ್ತೆ ಕೈಮುಗಿತ, ಮತ್ತೆ ಒಪ್ಪಿಗೆ. ಫ್ರೀವೇ ಬರುವಷ್ಟರಲ್ಲಿ ಮತ್ತೆ "ಯಾರಮ್ಮ ಆ ಹುಡುಗ?" ನೀರಿನ ಮೇಲೆ ಬರೆದ ಅಕ್ಷರ.

ಮಾರ್ಚಿ ಬಂತು. ಸುಘೋಷ್ ಊರು ಬಿಡಬೇಕಾಗಿತ್ತು. ಅವನ ಹತ್ತು ವರ್ಷದ ಮಗಳು ನಿಸರ್ಗಾ ದೂರದ ಮಿನೆಸೋಟಾ ರಾಜ್ಯದಲ್ಲಿ ತಾಯಿಯ ಜೊತೆಗಿದ್ದಳು. ವಿಚ್ಛೇದನವಾದಾಗಿನಿಂದ ಫೋನಿನಲ್ಲೇ ಬೆಳೆದ ಮಗಳು. ಅವನು ಕನ್ನಡದಲ್ಲಿ ಏನು ಕೇಳಿದರೂ ಅವಳು ಇಂಗ್ಲಿಷಿನಲ್ಲಿ ಹೇಳುತ್ತಿದ್ದುದು ಒಂದೇ, ನೀನು ಯಾವಾಗ ಬರ್ತೀಯ ಎಂದು. ಕೊನೆಗೂ ಅಲ್ಲಿ ಕೆಲಸ ಸಿಕ್ಕಿತ್ತು.

"ಅಲ್ಲಿ ಈ ಹದ್ದುಗಳು ಕಾಗೆಗಳ ಹಾಗೆ," ಎಂದ ಪಾರ್ಕಿಂಗ್ ಲಾಟಿನಲ್ಲಿ, ನಗಲು ನೋಡುತ್ತ. "ಅಪ್ಪನಿಗೆ ದಿನಾ ಗರುಡ ದರ್ಶನ. ಇಬ್ಬರೂ ಬನ್ನಿ ಮೈಥಿಲಿ."

"ಮನೆ ಬದಲಾಯಿಸಿದ್ರೆ ಅಪ್ಪನಿಗೆ ಇರೋ ನೆನಪೂ ಹೋಗುತ್ತೆ ಅಂದಿದಾರೆ ಡಾಕ್ಟ್ರು. ಆದ್ರೂ ಅಪ್ಪ ಹೂಂ ಅಂದ್ರೆ ಬರ್ತೀನಿ."

"ಹನ್ನೊಂದು ಸಲ ಹೂಂ ಅಂದಿದಾರಲ್ರೀ!"

"ಹನ್ನೊಂದು ಸಲ ಮರೆತಿದಾರೆ."

ಆಗ ಅವಳು, ಯಾರಿಗೂ ಹೇಳದ್ದನ್ನು, ಕಾರಿನ ಬಾಗಿಲು ಹಿಡಿದು ನಿಂತು ಹೇಳಿದಳು. ಇಪ್ಪತ್ತಾರನೇ ವಯಸ್ಸಿನಲ್ಲಿ ಮನೆಯಲ್ಲಿ ಹೇಳದೆ ರಿಜಿಸ್ಟರ್ ಮದುವೆಯಾದಳು. ಸುದ್ದಿಯನ್ನು ಫೋನಿನಲ್ಲಿ ತಿಳಿಸಿದಳು. ಆ ವರ್ಷವೇ ಅಮ್ಮ ಹೋದರು. ನಾಲ್ಕು ವರ್ಷಕ್ಕೆ ಮದುವೆಯೂ ಹೋಯಿತು. ಅಪ್ಪ ಬೈಯಲಿಲ್ಲ. "ಒಂದು ಮಾತು ಕೇಳಬಹುದಿತ್ತು," ಎಂದರು. ಅಷ್ಟೇ.

"ಈಗ ತಾಳಿ ಕಟ್ಟಿಸ್ಕೊಂಡ್ರೆ ಅಪ್ಪ ನಾಳೆ ಬೆಳಿಗ್ಗೆ ನನ್ನ ಕುತ್ತಿಗೆ ನೋಡ್ತಾರೆ, ಅದೇ ಮಾತು ಅಂತಾರೆ. ನಾಡಿದ್ದೂ ಅಂತಾರೆ. ಅವರಿಗೆ ದಿನಾ ಹೊಸದು. ನಂಗೆ? ಪ್ರೀತಿ ಇಲ್ಲ ಅಂದ್ಕೋಬೇಡಿ. ವಾರದಲ್ಲಿ ಆರು ದಿನ ನಾನು ಸುಮ್ನೆ ಕಾಯ್ತಿರ್ತೀನಿ. ಆದ್ರೆ ಅಪ್ಪ ತಿಳಿದು ಹೇಳಿದ ಒಂದೇ ಒಂದು ಮಾತು ಬೇಕು. ಹೂಂ ಆದ್ರೂ ಸರಿ, ಊಹೂಂ ಆದ್ರೂ ಸರಿ. ಅದನ್ನ ನಾನು ಮೀರಲ್ಲ."

ಅವನು ಅವಳ ಕೈ ಹಿಡಿಯಲಿಲ್ಲ. ಅವಳ ಕೈಯ ಪಕ್ಕದಲ್ಲೇ, ಅದೇ ಬಾಗಿಲಿನ ಮೇಲೆ, ತನ್ನ ಕೈಯನ್ನಿಟ್ಟ. ಎರಡು ಕೈಗಳ ನಡುವೆ ಒಂದು ಬೆರಳಿನ ಜಾಗ ಇತ್ತು.

*

ಕೊನೆಯ ಭಾನುವಾರ. ಮಂಗಳವಾರ ಅವನ ಪ್ರಯಾಣ.

ಬೆಳಿಗ್ಗೆ ಸ್ನಾನ ಮಾಡಿ ಬಂದು ದೇವರ ಮುಂದೆ ಕೂತ ಅಪ್ಪ ಆರು ಪದ್ಯ ಹೇಳಿದರು. ಮೂರನೇ ಸಾಲು ಬಂದಾಗಲೆಲ್ಲ ಮೈಥಿಲಿ ಉಸಿರು ಹಿಡಿದು ಪದ ಎತ್ತಿಕೊಡಲು ಸಿದ್ಧಳಾದಳು. ಬೇಕಾಗಲಿಲ್ಲ. ಎಣ್ಣೆಯ ಧಾರೆಯ ಹಾಗೆ ಬಂತು.

"ಇವತ್ತು ಭಾನುವಾರ ಅಲ್ವಾ? ಆ ಸುಘೋಷ್ ಕಾಯ್ತಿರ್ತಾನೆ. ನಡಿ," ಎಂದರು.

ಹೆಸರು! ಐದು ತಿಂಗಳಲ್ಲಿ ಅಪ್ಪನ ಬಾಯಲ್ಲಿ ಬಂದಿರದ ಹೆಸರು. ದೇವರ ದೀಪಕ್ಕೆ ಇನ್ನೊಂದು ಹನಿ ಎಣ್ಣೆ ಹಾಕಿ ಕಾರಿನ ಕೀಲಿ ತೆಗೆದುಕೊಂಡಳು.

ಕೆರೆ ಕನ್ನಡಿಯಂತಿತ್ತು. ಹೆಣ್ಣು ಹದ್ದು ಮೊಟ್ಟೆಯ ಮೇಲೆ ಕೂತಿತ್ತು, ಗಂಡು ಪಕ್ಕದ ಒಣಗಿದ ಕೊಂಬೆಯಲ್ಲಿ. ಮೇಷ್ಟ್ರು ನೋಡಿದರು. ಆದರೆ ಕೈ ಮುಗಿಯಲಿಲ್ಲ.

"ನಿನ್ನ ಗಾಜಿನಲ್ಲಿ ನೋಡಬಹುದೇನಪ್ಪ?" ಎಂದರು.

ಅಲ್ಲಿಯವರೆಗೆ ಅವರು ಅದರ ಹತ್ತಿರವೂ ಸುಳಿದಿರಲಿಲ್ಲ. ದರ್ಶನಕ್ಕೆ ಗಾಜು ಅಡ್ಡ ಬರಬಾರದು ಎನ್ನುತ್ತಿದ್ದರು. ಸುಘೋಷ್ ಪಕ್ಕಕ್ಕೆ ಸರಿದ. ಸ್ಟ್ಯಾಂಡನ್ನು ಏರಿಸಿ ಇಳಿಸಬೇಕಾಗಲಿಲ್ಲ. ಅಪ್ಪ ಮಗಳದ್ದು ಒಂದೇ ಎತ್ತರ.

ಬಹಳ ಹೊತ್ತು ನೋಡಿದರು.

"ಎದೆ ಬಿಳಿ ಇಲ್ಲ," ಎಂದರು ಕೊನೆಗೆ. "ಮೈ ಇಟ್ಟಿಗೆ ಬಣ್ಣ ಇಲ್ಲ. ಬಾಲ ಬಿಳಿ." ಕಣ್ಣು ತೆಗೆದು ನೇರ ಅವನನ್ನೇ ನೋಡಿದರು. "ನೀನು ಹಕ್ಕಿ ತಿಳಿದೋನು. ಹೇಳು. ಇದು ಗರುಡನಾ?"

ಮೈಥಿಲಿ ಸುಘೋಷನನ್ನು ನೋಡಿದಳು. ಅಕ್ಟೋಬರಿನ ಆ ಮೊದಲ ಭೇಟಿಯಲ್ಲಿ ಆಡಿಸಿದಂತೆ ತಲೆಯನ್ನು ಇನ್ನೊಂದು ಸಲ, ಕಂಡೂ ಕಾಣದ ಹಾಗೆ, ಆಡಿಸಿದರೆ ಸಾಕಿತ್ತು. ಅವನು ಹೌದು ಅಂದರೆ ಅಪ್ಪ ಕೈಮುಗಿಯುತ್ತಾರೆ. ತಿಳಿದಿರುವ ಈ ಒಂದು ದಿನ ಒಪ್ಪಿಗೆ ಕೊಡುತ್ತಾರೆ. ಅವಳ ಕುತ್ತಿಗೆ ಕಲ್ಲಾಯಿತು. ತಿಳಿವು ಬಂದ ಮನುಷ್ಯನಿಗೆ ಸುಳ್ಳು ಹೇಳಿಸುವುದು ಅವಳಿಂದಾಗಲಿಲ್ಲ.

"ಅಲ್ಲ ಮೇಷ್ಟ್ರೇ," ಎಂದ ಸುಘೋಷ್. "ಗರುಡ ಈ ದೇಶದಲ್ಲೇ ಇಲ್ಲ."

ಇಷ್ಟು ತಿಂಗಳಲ್ಲಿ ಆ ಗಳಿಗೆಯಲ್ಲಿ ಪ್ರೀತಿಸಿದಷ್ಟು ಅವನನ್ನು ಅವಳು ಎಂದೂ ಪ್ರೀತಿಸಿರಲಿಲ್ಲ.

ಇನ್ನು ಕಾಯಲು ಏನೂ ಉಳಿದಿರಲಿಲ್ಲ. ಅವಳು ಚಪ್ಪಲಿ ಬಿಟ್ಟು ಅಪ್ಪನ ಮುಂದೆ ನಿಂತಳು, ಚಾಪೆಯ ತುದಿಯಲ್ಲಿ ಕೂರುತ್ತಿದ್ದ ಹುಡುಗಿಯ ಹಾಗೆ.

"ಗರುಡ ಇಲ್ಲದೇ ಹೋದ್ರೂ ಕೇಳ್ತೀನಿ ಅಪ್ಪ. ನಾನು ಇವರನ್ನ ಮದುವೆ ಆಗಬೇಕು. ಇವರು ಮಗಳಿರೋ ಮಿನೆಸೋಟಾಕ್ಕೆ ಹೋಗ್ತಿದಾರೆ. ನಾವಿಬ್ಬರೂ ಹೋಗೋಣ. ಒಪ್ಪಿಗೆ ಕೊಡ್ತೀಯಾ?"

ಮೇಷ್ಟ್ರು ಕಲ್ಲಿನ ಮೇಲೆ ಕೂತರು. ಮಗಳ ಬರಿಗಾಲನ್ನು ನೋಡಿದರು.

"ಈ ಸಲ ಕೇಳಿದೆ," ಎಂದರು ಮೆಲ್ಲಗೆ. "ಕೇಳಿದೋಳಿಗೆ ನಿಜ ಹೇಳಬೇಕು. ಹುಡುಗ ಒಳ್ಳೆಯವನು. ಬೇಕಾದ್ದು ಕೈ ಬಿಟ್ಟು ಹೋಗುತ್ತೆ ಅಂತ ಗೊತ್ತಿದ್ದೂ ಸುಳ್ಳು ಹೇಳಲಿಲ್ಲ. ನಂಗೇನಾಗ್ತಿದೆ ಅಂತ ಇವತ್ತು ನಂಗೆ ಗೊತ್ತು. ನಾಳೆ ಗೊತ್ತಿರಲ್ಲ. ಅಲ್ಲಿ ಹೊಸ ಮನೇಲಿ ಬಚ್ಚಲು ಎಲ್ಲಿದೆ ಅಂತಾನೂ ನಂಗೆ ಸಿಗಲ್ಲ. ಸಾಲು ಬಿದ್ದಾಗ ಎತ್ತಿಕೊಡೋಳು ನೀನೊಬ್ಬಳೇ. ನಿನ್ನ ಮನಸ್ಸು ಅಲ್ಲಿ ಇನ್ನೊಂದು ಮನೇಲಿ, ಇನ್ನೊಂದು ಮಗೂ ಮೇಲೆ ಇರುತ್ತೆ. ಇರಬೇಕಾದ್ದೇ. ಆಗ ನಾನು ಪದ್ಯದ ನಡುವೆ ನಿಂತುಬಿಟ್ರೆ? ಭಯ ಆಗುತ್ತೆ ಮಗಳೇ. ನಾಚಿಕೆ ಬಿಟ್ಟು ಹೇಳ್ತಿದೀನಿ."

ಕೆರೆಯಾಚೆಯಿಂದ ಗಂಡು ಹದ್ದು ಒಮ್ಮೆ ಕೂಗಿತು. ಅಷ್ಟು ದೊಡ್ಡ ಹಕ್ಕಿಗೆ ಎಷ್ಟು ಸಣ್ಣ ದನಿ.

"ಹಾಗಾದ್ರೆ, ಅಪ್ಪ?"

ಅವರು ತಲೆಯೆತ್ತಿದರು. ಆ ಕಣ್ಣುಗಳು ಎಷ್ಟೋ ವರ್ಷದಿಂದ ಅಷ್ಟು ತಿಳಿಯಾಗಿರಲಿಲ್ಲ.

"ಇಲ್ಲ ಮೈಥಿಲಿ. ನಾನು ಒಪ್ಪಿಗೆ ಕೊಡಲ್ಲ."